ಜೇಬಿನಲ್ಲಿ ಫ್ಯೂಸು

ನನ್ನ ಸೋದರಮಾವ ಹತ್ತು ದಿನದ ರಜೆಗೆ ಹನ್ನೊಂದು ದಿನ ತಯಾರಾಗುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನೂ ಪೂರ್ತಿ ನಂಬುವುದಿಲ್ಲ. ಒಂಬತ್ತು ದಿನವೇ ಇದ್ದೀತು. ಅರವತ್ತರ ದಶಕದ ಮಾತು. ಅಷ್ಟು ದೂರದ್ದೆಲ್ಲ ನನ್ನ ನೆನಪಿಗೆ ಒಂದು ಸುತ್ತು ದಪ್ಪವಾಗಿಯೇ ಕಾಣುತ್ತದೆ. ಆದರೆ ಆ ತಯಾರಿಯಲ್ಲಿ ನನಗಾದ ಸುಸ್ತು ಮಾತ್ರ ಸುಳ್ಳಲ್ಲ. ಬರೆಯಲು ಕುಳಿತರೆ ಇವತ್ತಿಗೂ ಮೊಣಕಾಲು ಹಿಡಿದುಕೊಳ್ಳುತ್ತದೆ.

ಮಾವನಿಗೆ ಕಾರ್ಗಲ್‌ನಲ್ಲಿ ಕೆಲಸ. ವಿದ್ಯುತ್ ಯೋಜನೆಯ ನೌಕರ. ದಿನವಿಡೀ ಕರೆಂಟಿನ ಜೊತೆ ಸಂಸಾರ ಮಾಡುವ ಮನುಷ್ಯನಿಗೆ, ಊರಿಗೆ ಹೊರಟಾಗ ಮಾತ್ರ ತಮ್ಮ ಕ್ವಾರ್ಟರ್ಸಿನ ಕರೆಂಟೆಂದರೆ ಹುಲಿ. ಆ ಮನೆಯಲ್ಲಿ ಇದ್ದದ್ದಾದರೂ ಏನು? ನಾಲ್ಕು ಬಲ್ಬು, ಒಂದು ರೇಡಿಯೋ, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಟೇಬಲ್ ಫ್ಯಾನು. ಇಷ್ಟಕ್ಕೆ ನಡೆಯುತ್ತಿದ್ದ ಬಂದೋಬಸ್ತು ಅರಮನೆಗೂ ಇರಲಿಕ್ಕಿಲ್ಲ! ಬಲ್ಬುಗಳನ್ನು ಬಿಚ್ಚಿ, ಯಾವುದು ಯಾವ ಕೋಣೆಯದೆಂದು ಚೀಟಿ ಅಂಟಿಸಿ, ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದರು. ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು. ಯಾಕೆ ಮಾವ ಎಂದರೆ, "ಅಕಸ್ಮಾತ್ ತಿರುಗಿದ್ರೂ ಗೋಡೆಗೆ ತಾನೆ ಗಾಳಿ" ಎಂಬ ಉತ್ತರ. ಕೊನೆಗೆ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ ಮೇಲೆಯೇ ಅವರಿಗೆ ಉಸಿರು ಬರುತ್ತಿದ್ದದ್ದು. ಆ ಪಿಂಗಾಣಿ ಫ್ಯೂಸು ಅವರ ಜೊತೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲ ನೋಡಿಕೊಂಡು ಮರಳುತ್ತಿತ್ತು. ಒಮ್ಮೆ ಹೊಸನಗರದಲ್ಲಿ ಬೆವರು ಒರೆಸಲು ಕರ್ಚೀಫು ಎಳೆದಾಗ ಅದು ಪಕ್ಕದ ಸೀಟಿನ ಅಜ್ಜಿಯ ಮಡಿಲಿಗೆ ಬಿತ್ತು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಯಾವ ದೇವ್ರು ಸಾಮಿ ಇದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟಳು.

ಇಷ್ಟೆಲ್ಲ ಮಾಡಿ ಹೋಗುತ್ತಿದ್ದದ್ದು ಎಲ್ಲಿಗೆ? ಕಾಶಿಗಲ್ಲ, ಮೇಳಿಗೆಗೆ! ಅದು ತೀರ್ಥಹಳ್ಳಿಯ ಹತ್ತಿರ, ಅತ್ತೆಯ ತವರು. ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಹತ್ತು ದಿನ ಅಮ್ಮನ ಹತ್ತಿರ ಇದ್ದು ಬರಬೇಕೆಂಬುದಷ್ಟೇ ಅತ್ತೆಯ ಆಸೆ. ಕಾರ್ಗಲ್‌ನಿಂದ ಬೆಳಿಗ್ಗೆಯ ಬಸ್ಸು ಸಿಕ್ಕಿದರೆ ಸಾಗರದಲ್ಲಿ ತೀರ್ಥಹಳ್ಳಿಯ ಬಸ್ಸು ಸಿಗುತ್ತದೆ. ಅದು ತಪ್ಪಿದರೆ ಇದೂ ತಪ್ಪಿತು, ಆ ದಿನವೇ ಹೋಯಿತು. ಮಾವನ ಬಂದೋಬಸ್ತಿನ ದೆಸೆಯಿಂದ ಹತ್ತು ದಿನ ಎಂಟಾಗುತ್ತಿತ್ತು. ಒಂದು ವರ್ಷ ಐದಕ್ಕೂ ಇಳಿದಿತ್ತು. ಆ ವರ್ಷ ಹೊರಡುವ ಹಿಂದಿನ ಸಂಜೆಯೇ ಅವರು ಗೋಡೆ ಗಡಿಯಾರವನ್ನೂ ನಿಲ್ಲಿಸಿದ್ದರು. "ಯಾರೂ ಕೇಳೋರಿಲ್ದೆ ಅದು ಯಾರಿಗೆ ಗಂಟೆ ಹೊಡೀಬೇಕು?" ಅವರ ಕೈಗಡಿಯಾರ ಸಾಗರದಲ್ಲಿ ರಿಪೇರಿಗೆ ಬಿದ್ದಿತ್ತು. ಬೆಳಿಗ್ಗೆ ನಾವು ಮೂವರೂ ಗಡಿಯಾರ ನೋಡಿಕೊಂಡು ನಿಧಾನವಾಗಿ ಕಾಫಿ ಕುಡಿದೆವು. ಇನ್ನೂ ಆರೂ ಕಾಲು! ಎರಡನೇ ಲೋಟಕ್ಕೂ ಆರೂ ಕಾಲೇ ಆಗಿದ್ದಾಗ ಅತ್ತೆ ಹಣೆ ಚಚ್ಚಿಕೊಂಡರು.

ಇನ್ನು ನೀರಿನ ಕೊಡದ ಜಗಳ. ಮನೆಯಲ್ಲಿ ಒಂದು ಹನಿ ನೀರೂ ಉಳಿಯಬಾರದೆಂದು ಮಾವ ಎಲ್ಲ ಪಾತ್ರೆ ಬೋರಲು ಹಾಕುತ್ತಿದ್ದರು. "ನೀರನ್ನೂ ಕರೆಂಟನ್ನೂ ಒಂದೇ ಮನೇಲಿ ಬಿಟ್ಟು ಬೀಗ ಹಾಕೋರು ಎಲ್ಲಾದ್ರೂ ಉಂಟಾ?"

"ಮನೆ ಬರಿದು ಮಾಡಿ ಹೊರಡೋರು ಎಲ್ಲಾದ್ರೂ ಉಂಟಾ?" ಎನ್ನುವುದು ಅತ್ತೆ. "ಒಂದು ಕೊಡ ತುಂಬಿಟ್ಟು ಹೋಗ್ಬೇಕು ಕಣ್ರೀ. ಹೋದೋರನ್ನ ಅದು ವಾಪಸ್ ಕರೆಸಿಕೊಳ್ತದೆ."

"ನನ್ನನ್ನ ಕರೆಸ್ಕೊಳ್ಳೋಕೆ ಆಫೀಸಿದೆ, ಬಿಡು."

ಮಾವ ಕೊಡ ಬರಿದು ಮಾಡುವರು. ಅವರು ಕಿಟಕಿ ಭದ್ರ ಮಾಡಲು ಹೋದಾಗ ಅತ್ತೆ ತುಂಬುವರು. ಮಾವ ಮತ್ತೆ ಚೆಲ್ಲುವರು. ಬಾಗಿಲಿಗೆ ಬೀಗ ಬಿದ್ದ ಮೇಲೆ ಅತ್ತೆಯ ಮುಖದಲ್ಲಿ ಒಂದು ಸಣ್ಣ ನಗು ಕಂಡರೆ ಮುಗಿಯಿತು, ಮಾವ ಬೀಗ ತೆಗೆದು ಮತ್ತೆ ಒಳಗೆ! ಕೆಲವೊಮ್ಮೆ ಅತ್ತೆ ಸುಮ್ಮನೆ ನಗುತ್ತಿದ್ದದ್ದೂ ಉಂಟು.

ಇದರಲ್ಲಿ ನನ್ನ ಪಾಪವೂ ಇದೆ, ಹೇಳಿಬಿಡುತ್ತೇನೆ. ನಾನಾಗ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಬೇಸಗೆ ರಜೆಗೆ ಮಾವನ ಮನೆ. ಕೆಲಸ ಟ್ರಂಕು ಹೊರುವುದು. ಯಾವುದನ್ನೂ ನಂಬಬಾರದೆಂದು ಹೊಸದಾಗಿ ಕಲಿತವನಿಗೆ ಅದನ್ನು ಯಾರಿಗಾದರೂ ಹೇಳದಿದ್ದರೆ ನಿದ್ದೆ ಬರುತ್ತದೆಯೇ? ಒಂದು ದಿನ ಊಟದ ಹೊತ್ತಿನಲ್ಲಿ, "ಸ್ಮೃತಿ ಪ್ರಮಾಣವಲ್ಲ ಮಾವ. ನೆನಪಿದೆ ಅಂದ ಮಾತ್ರಕ್ಕೆ ಅದು ನಡೆದಿದೆ ಅಂತಲ್ಲ" ಎಂದುಬಿಟ್ಟೆ. ಮಾವ ತುತ್ತನ್ನು ಎಲೆಯ ಮೇಲೇ ಬಿಟ್ಟು ನನ್ನನ್ನು ನೋಡಿದರು. ಇಷ್ಟು ವರ್ಷ ತಮ್ಮೊಬ್ಬರಿಗೇ ಇದ್ದ ಅನುಮಾನಕ್ಕೆ ವಿಶ್ವವಿದ್ಯಾನಿಲಯದ ಮೊಹರು ಬಿದ್ದಿತ್ತು!

ಅಂದಿನಿಂದ ಸಾಕ್ಷಿ ಪದ್ಧತಿ ಶುರು. ಪ್ರತಿ ಸ್ವಿಚ್ಚಿನ ಮುಂದೆ ನನ್ನನ್ನು ನಿಲ್ಲಿಸಿ, "ನೋಡಿದೆಯಾ? ಏನು ನೋಡಿದೆ ಹೇಳು" ಎನ್ನುತ್ತಿದ್ದರು. ನಾನು "ಆರಿದೆ ಅನ್ನಿಸ್ತದೆ" ಎಂದರೆ ಸಾಲದು. ಅನ್ನಿಸುವುದು ಪ್ರತ್ಯಕ್ಷವೇ? ಮತ್ತೆ ಹಾಕಿ, ಮತ್ತೆ ಆರಿಸುವುದು. ಅದೇ ವರ್ಷ ಸಾಗರದ ಬಸ್ ನಿಲ್ದಾಣದಲ್ಲಿ, ತೀರ್ಥಹಳ್ಳಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಗಕ್ಕನೆ ನಿಂತರು.

"ಇಸ್ತ್ರಿ ಪೆಟ್ಟಿಗೆ!"

"ಮಾವ, ಫ್ಯೂಸು ನಿಮ್ಮ ಜೇಬಲ್ಲಿದೆ. ಇಸ್ತ್ರಿ ಪೆಟ್ಟಿಗೆ ಕಾಯೋದು ಹೇಗೆ?"

ಮಾವ ಫ್ಯೂಸು ತೆಗೆದು ಬಹಳ ಹೊತ್ತು ನೋಡಿದರು. "ಇದು ಹೋದ ವರ್ಷ ಜೇಬಲ್ಲೇ ಉಳಿದದ್ದಿರಬಹುದಲ್ಲ ಮಾರಾಯ?"

ಇದಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರವಿದೆ? ಟ್ರಂಕು ಹೊತ್ತು ವಾಪಸು ಕಾರ್ಗಲ್‌ಗೆ ಬಂದೆವು. ಕ್ವಾರ್ಟರ್ಸಿನ ಏರು ಹತ್ತುವಾಗ ಅತ್ತೆ ನನಗೆ ಮಾತ್ರ ಕೇಳುವಂತೆ, "ನೀನು ಬಿ.ಎ.ಗೇ ನಿಲ್ಲಿಸಿದ್ರೆ ಆಗ್ತಿತ್ತು ಕಣೋ" ಎಂದರು. ಇಸ್ತ್ರಿ ಪೆಟ್ಟಿಗೆ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ತಣ್ಣಗೆ ಮಲಗಿತ್ತು.

ಮುಂದಿನ ವರ್ಷ, ಅಥವಾ ಅದರ ಮುಂದಿನ ವರ್ಷವೋ, ನಾನು ಹೋದಾಗ ಮಾವ ಒಬ್ಬರೇ ಇದ್ದರು. ಅತ್ತೆಗೆ ಜ್ವರ ಹಿಡಿದು ಬಿಡದೆ, ಅವರ ಅಣ್ಣ ಬಂದು ಮೇಳಿಗೆಗೆ ಕರೆದುಕೊಂಡು ಹೋಗಿ ಮೂರು ವಾರವಾಗಿತ್ತು. ಮಾವನಿಗೆ ರಜೆ ಸಿಕ್ಕಿರಲಿಲ್ಲ. ನಾನು ಹೋದ ಮರುದಿನ ಅತ್ತೆಯ ಅಣ್ಣನ ಕಾಗದ ಬಂತು. ಎರಡೇ ಸಾಲು. "ಜ್ವರ ಇಳಿದಿಲ್ಲ, ಅನ್ನ ಸೇರುತ್ತಿಲ್ಲ. ಭಾವ ಕೂಡಲೇ ಹೊರಟು ಬಂದರೆ ಒಳ್ಳೆಯದು." ಮಾವ ಅದನ್ನು ಮಡಿಸಿ ಜೇಬಿಗಿಟ್ಟರು. ಅಂದೇ ರಜೆ ಬರೆದು ಕೊಟ್ಟು ಬಂದರು.

ಮರುದಿನ ಬೆಳಿಗ್ಗೆ ಅವರು ನನ್ನನ್ನು ಯಾವ ಸ್ವಿಚ್ಚಿನ ಮುಂದೂ ನಿಲ್ಲಿಸಲಿಲ್ಲ. ಗಡಿಯಾರ ನಡೆಯುತ್ತಲೇ ಇತ್ತು. ಬೀಗ ಹಾಕಿದವರೇ ಇಳಿಜಾರಿನಲ್ಲಿ ದಾಪುಗಾಲು ಹಾಕಿದರು. ನಾನು ಹಿಂದೆ ಓಡಿದೆ. ಬಸ್ಸು ನಿಂತಿತ್ತು. ಮಾವ ಹತ್ತಿ ಕುಳಿತೂಬಿಟ್ಟರು! ಅಬ್ಬಾ, ಬದುಕಿದೆ ಎಂದು ನಾನು ಟ್ರಂಕು ಮೇಲಿಡುವಷ್ಟರಲ್ಲಿ ಮಾವ ಎದ್ದರು.

"ಎಂತ ಸಾರ್, ಮೇನ್ ಸ್ವಿಚ್ಚಾ?" ಕಂಡಕ್ಟರ್ ನಕ್ಕ.

"ಐದು ನಿಮಿಷ ನಿಲ್ಸು ಮಾರಾಯ. ಈ ಬಸ್ಸು ತಪ್ಪಬಾರದು."

ಅವರ ಮುಖ ನೋಡಿ ಅವನ ನಗು ನಿಂತಿತು. ನಾನು ಮಾತ್ರ ಸಿಟ್ಟಿನಿಂದ ಕುದಿಯುತ್ತ ಅವರ ಹಿಂದೆಯೇ ಏರು ಹತ್ತಿದೆ. ಹೆಂಡತಿ ಅಲ್ಲಿ ಹಾಗೆ ಮಲಗಿರುವಾಗಲೂ ಈ ಮನುಷ್ಯನಿಗೆ ಸ್ವಿಚ್ಚಿನ ಚಿಂತೆಯೇ? ಜಗುಲಿಯ ಮೇಲೆ ಕುಸಿದು ಕುಳಿತೆ. ಒಳಗೆ ಬಾ ಎಂದು ಮಾವ ಕರೆಯಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ನಲ್ಲಿ ಬಿಟ್ಟ ಸದ್ದು ಕೇಳಿತು. ಬೋರಲಿದ್ದ ಪಾತ್ರೆಯೊಂದನ್ನು ಎತ್ತಿಟ್ಟ ಸದ್ದು. ಖಾಲಿ ತಾಮ್ರದ ಮೇಲೆ ಬೀಳುವ ನೀರು ಮೊದಲು ದೊಡ್ಡದಾಗಿ ಮೊಳಗಿ, ತುಂಬುತ್ತ ಬಂದಂತೆ ಮೆತ್ತಗಾಯಿತು. ಕೆಳಗಿನಿಂದ ಬಸ್ಸಿನ ಹಾರನ್ ಎರಡು ಸಲ ಕೇಳಿತು. ಮಾವ ಹೊರಗೆ ಬಂದಾಗ ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಬೀಗ ಹಾಕಿ ಇಳಿಜಾರು ಇಳಿದರು.

ಮೇಳಿಗೆ ಮುಟ್ಟಿದಾಗ ಸಂಜೆ. ಅತ್ತೆ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಗುರುತು ಸಿಗದಷ್ಟು ಸಣ್ಣಗಾಗಿದ್ದರು. ತಿರುಗಿ ನೋಡಿ, "ಇವತ್ತೇ ಬಂದ್ರಾ!" ಎಂದರು. ಆಮೇಲೆ, ರೂಢಿಯ ಹಾಗೆ, "ಕೊಡ ಚೆಲ್ಲಿ ಬಂದ್ರಿ ತಾನೆ?"

"ತುಂಬಿಟ್ಟು ಬಂದಿದೀನಿ" ಎಂದರು ಮಾವ.

"ಸುಳ್ಳು."

"ಇವನನ್ನ ಕೇಳು. ಇವನು ನೋಡಿದಾನೆ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಜಗುಲಿಯಲ್ಲಿ ಕುಳಿತು ಕೇಳಿದ್ದು ಬರೀ ಸದ್ದು. ಎಷ್ಟು ತುಂಬಿತ್ತೋ, ಅದು ಕೊಡವೇ ಹೌದೋ, ಕಣ್ಣಾರೆ ಕಂಡವನಲ್ಲ.

"ಕಂಠದ ತನಕ ಅತ್ತೆ. ನಾನೇ ನೋಡಿದೆ" ಎಂದೆ.

"ಹಾಗಿದ್ರೆ ಹೋಗ್ಬೇಕು" ಎಂದರು ಅತ್ತೆ. "ನೀರು ಹಳೇದಾಗ್ತದೆ." ಆಮೇಲೆ ಗೋಡೆ ಹಿಡಿದು ಎದ್ದು ಕುಳಿತು, ಗಂಜಿ ಇದ್ದರೆ ಕೊಡಿ ಎಂದರು.

ಮಾವ ಮುಖ ಆಚೆ ತಿರುಗಿಸಿ ಜೇಬಿನಿಂದ ಕರ್ಚೀಫು ಎಳೆದರು. ಕೆಳಗೆ ಬೀಳುತ್ತದೆಂದು ನಾನು ಕೈ ಒಡ್ಡಿದೆ. ಅದರಲ್ಲಿ ಫ್ಯೂಸು ಇರಲಿಲ್ಲ. ಮಾವ ಹುಡುಕಲೂ ಇಲ್ಲ.