ಹನ್ನೊಂದು ಊರಿನ ನೀರು

ಹನ್ನೊಂದು ಊರಿನ ನೀರನ್ನು ಗುಡಿಸುವ ಅಕ್ಕ ಮೋರಿಗೆ ಸುರಿದದ್ದು ಬೆಳಿಗ್ಗೆ ಎಂಟೂಕಾಲಿಗೆ. ಅವಳ ತಪ್ಪೇನೂ ಇರಲಿಲ್ಲ. ಲೈಬ್ರರಿಯ ಮಕ್ಕಳ ವಿಭಾಗದ ಮೇಜಿನ ಮೇಲೆ ಬಗೆಬಗೆಯ ಬಾಟಲಿಗಳಿದ್ದವು. ಯಾರೋ ಕುಡಿದು ಬಿಟ್ಟದ್ದೆಂದು ಚೆಲ್ಲಿ, ಸೋಪು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದ್ದಳು. ಅಂಟಿಸಿದ್ದ ಹೆಸರಿನ ಚೀಟಿಗಳೂ ಹೋಗಿದ್ದವು.

"ಒಂದರಲ್ಲಂತೂ ಪಾಚಿ ಇತ್ತು ಸಾರ್," ಎಂದಳು, ಶಹಭಾಸ್‌ಗೆ ಕಾಯುತ್ತ.

ಲೈಬ್ರರಿಯ ಗುಮಾಸ್ತರು ಹಿಟ್ಟಿನ ಮೂಟೆಯ ಹಾಗೆ ಕುರ್ಚಿಯಲ್ಲಿ ಕುಸಿದರು. ದೂರದೂರದಿಂದ ಬಂದು ಈ ಬೀದಿಗಳಲ್ಲಿ ನೆಲೆಸಿದವರ ಮಕ್ಕಳಿಗೆ ನೀರಿನ ಹಬ್ಬ ಮಾಡೋಣ ಎಂದವರೇ ಅವರು. ಪ್ರತಿ ಮಗುವೂ ತನ್ನ ಊರಿನ ನೀರು ತೋರಿಸಿ, ತನ್ನ ಭಾಷೆಯಲ್ಲಿ ಅದಕ್ಕೇನನ್ನುತ್ತಾರೆಂದು ಹೇಳಬೇಕು. ಎರಡು ತಿಂಗಳಿಂದ ನೆಂಟರಿಷ್ಟರು ಹೊತ್ತು ತಂದ ನೀರು ಅದು.

ಉಳಿದವು ಹೇಗೋ ಆಗಲಿ, ನೀಲಿ ಬಾಟಲಿಗೆ ಏನು ಹೇಳುವುದು? ಒಂಬತ್ತು ವರ್ಷದ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು. ಯುದ್ಧದಲ್ಲಿ ಊರು ಬಿಡುವಾಗ ಅವಳ ಅಜ್ಜಿ ನದಿಯಿಂದ ತುಂಬಿಕೊಂಡದ್ದಂತೆ. ಆ ಊರು ಈಗಿಲ್ಲ. ಅಜ್ಜಿಯೂ ಹೋಗಿ ವರ್ಷವಾಗಿತ್ತು. ಉಳಿದವರು ಹುಡುಗಿ ಮತ್ತು ತಾತ, ಇಬ್ಬರೇ.

ಟೈಪಿಸ್ಟಮ್ಮ ಹಬ್ಬವನ್ನೇ ಮುಂದೂಡಿ ಎಂದರು. ಪುಸ್ತಕಕ್ಕೆ ಬೈಂಡ್ ಹಾಕುವವನು ಮಾತ್ರ ಅಂಗಿಯ ತೋಳು ಮಡಚಿ, ನಲ್ಲಿ ತಿರುಗಿಸಿ ಬಾಟಲಿಗಳನ್ನು ತುಂಬತೊಡಗಿದ. "ನೀರಿಗೇನು ಸಾರ್, ಮೂಗು ಬಾಯಿ ಇದೆಯಾ ಗುರುತು ಹಿಡಿಯೋಕೆ?" ಅಷ್ಟಕ್ಕೇ ನಿಲ್ಲದೆ, ನೈಜವಾಗಿ ಕಾಣಲೆಂದು ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ಹೂಕುಂಡದ ಮಣ್ಣನ್ನೂ ಹಾಕಿದ. ಗುಮಾಸ್ತರು ತಡೆಯಲಿಲ್ಲ.

ಹತ್ತು ಗಂಟೆಗೆ ಸಭಾಂಗಣ ತುಂಬಿತು. ಮಕ್ಕಳು ಹನ್ನೊಂದು ಭಾಷೆಯಲ್ಲಿ ನೀರು ಎಂದು ಕೂಗಿ, ಅಂಗಳದ ತೊಟ್ಟಿಯಿಂದ ಮೊಗೆದು ಒಬ್ಬರ ಮೇಲೊಬ್ಬರು ಎರಚಿಕೊಂಡರು. ದೊಡ್ಡವರದೇ ತಾಪತ್ರಯ. ಒಬ್ಬ ತಾಯಿ ಮೂಸಿ ನೋಡಿ ಇದು ನಮ್ಮ ಬಾವಿಯದೇ ಎಂದು ಕಣ್ಣೊರೆಸಿಕೊಂಡಳು. ಮಣ್ಣಿನ ಬಾಟಲಿಗೆ ಇಬ್ಬರು ಹೆಂಗಸರು ಜಗಳಕ್ಕೆ ಬಿದ್ದರು. ಇಬ್ಬರಿಗೂ ಅದು ತಂತಮ್ಮ ಕೆರೆಯ ಬಣ್ಣವೇ. ಗುಮಾಸ್ತರು ಬೆಂಕಿಗೆ ಬಿದ್ದ ಹಪ್ಪಳದಂತೆ ಮುದುರುತ್ತಿದ್ದರು.

ಹುಡುಗಿಯ ತಾತ ನೀಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಗಡ್ಡದ ಮೇಲೆ ಕಣ್ಣೀರು ಇಳಿಯಿತು. ಅದನ್ನು ನೋಡಿದ ಮೇಲೆ ಗುಮಾಸ್ತರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮುದುಕನನ್ನು ಮೆಟ್ಟಿಲ ಬಳಿಗೆ ಕರೆದೊಯ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

"ನೋಡಿದಾಗಲೇ ಗೊತ್ತಾಯ್ತು," ಎಂದ ತಾತ. "ನಾನು ಬಾಟ್ಲಿ ಕತ್ತಿನವರೆಗೆ ತುಂಬಿಸಿದ್ದೆ. ಇವತ್ತು ಮುಚ್ಚಳದ ತನಕ ಇದೆ."

"ನೀವು ತುಂಬಿಸಿದ್ರಾ?"

"ಅಡುಗೆಮನೆ ನಲ್ಲೀಲಿ." ತಾತ ಮೆಟ್ಟಿಲ ಮೇಲೆ ಕೂತ. "ಕೊನೇ ದಿನ ನನ್ನ ಹೆಂಡತಿ ಊರಿನ ನೀರು ಕೇಳಿದ್ಲು. ಡಾಕ್ಟ್ರು ಬೇಡ ಅಂದ್ರು. ಇಲ್ಲ ಅಂತ ನಾನು ಹೆಂಗೆ ಅನ್ನಲಿ? ಚಮಚದಲ್ಲಿ ಅಷ್ಟೂ ಕುಡಿಸಿಬಿಟ್ಟೆ. ಮಗೂಗೆ ಗೊತ್ತಿಲ್ಲ. ಅಜ್ಜಿ ಹೋದ್ಮೇಲೆ ಅವಳು ದಿನಾ ಅದನ್ನ ತಲೆದಿಂಬಿನ ಹತ್ರ ಇಟ್ಕೊಂಡು ಮಲಗ್ತಾಳೆ."

ಗುಮಾಸ್ತರು ಪಕ್ಕದಲ್ಲಿ ಕೂತರು. ಎದೆಯ ಭಾರ ಇಳಿಸಲು ಹೋದವರಿಗೆ ಇನ್ನೊಂದು ಮೂಟೆ ಹೊರಿಸಿದಂತಾಗಿತ್ತು.

ಒಳಗೆ ಬಂದರೆ ಲೈಬ್ರರಿಯ ದೊಡ್ಡ ಮೇಡಂ ಸಂಭ್ರಮದಿಂದ ಕಾಯುತ್ತಿದ್ದರು. ಹುಡುಗಿ ತನ್ನ ಬಾಟಲಿಯನ್ನು ಲೈಬ್ರರಿಗೇ ಕೊಡುತ್ತಾಳಂತೆ. ಮನೆಯಲ್ಲಿ ಒಡೆದುಹೋದೀತೆಂದು ಅವಳಿಗೆ ಭಯ. ಬಾಗಿಲ ಎದುರಿನ ಗಾಜಿನ ಕಪಾಟಿನಲ್ಲಿಡುವುದು, ಬೀಗದ ಕೈ ಗುಮಾಸ್ತರದು, ಶನಿವಾರ ಶನಿವಾರ ಹುಡುಗಿ ಬಂದು ನೋಡಿಕೊಂಡು ಹೋಗುವುದು ಎಂದೆಲ್ಲ ತೀರ್ಮಾನವಾಗಿತ್ತು.

"ವಿವರ ನೀವೇ ಬರೀರಿ," ಎಂದು ಮೇಡಂ ದಪ್ಪ ಕಾಗದವೊಂದನ್ನು ಕೊಟ್ಟರು. "ಒಂದಕ್ಷರ ಸುಳ್ಳಿರಬಾರದು."

ಗುಮಾಸ್ತರು ತಾತನ ಕಡೆ ನೋಡಿದರು. ತಾತ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಆ ನದಿಯ ಹೆಸರನ್ನು ಗುಮಾಸ್ತರು ಕೇಳಿದ್ದೇ ಇರಲಿಲ್ಲ. ಹುಡುಗಿ ಒಂದೊಂದೇ ಅಕ್ಷರ ಹೇಳಿಕೊಟ್ಟಳು. ಇದು ಆ ನದಿಯ ನೀರು ಎಂದು ಗುಮಾಸ್ತರು ದುಂಡಾಗಿ ಬರೆದರು. ತಾತ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಓದಿ, ಸರಿಯಾಗಿದೆ ಎಂದ.