ಬದು ದಾಟಿದ ಎರೆಹುಳುಗಳು

ದೇವನಹಳ್ಳಿಯಲ್ಲಿ ವಿಮಾನ ಹಾರಾಟ ಶುರುವಾದ ಮೂರನೇ ವರ್ಷದ ಮಾರ್ಗಶಿರ, ಬೆಳಗ್ಗೆ ಆರೂಕಾಲು ಗಂಟೆ. ನಂದಗುಡಿ ಬಳಿಯ ನಮ್ಮ ಟೊಮೆಟೊ ತೋಟದ ಮೂಡಣ ಬದುವಿನ ಮೇಲೆ, ಪಂಪ್ ಮನೆಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಕಣ್ಣು ಸರಿಯಾಗಿತ್ತು. ಕುಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೋಟೆಲುಗಳಿಗೆ ತರಕಾರಿ ಒದಗಿಸುವ ಕಂಪನಿಯೊಂದು ನಮ್ಮ ಬೆಳೆ ಕೊಳ್ಳಲು ಒಪ್ಪಿತ್ತು. ಷರತ್ತು ಒಂದೇ: ಬೆಳೆಯಿಂದ ನೆಲಕ್ಕೆಷ್ಟು ಹಾನಿ ಎಂದು ಅಳೆಯಬೇಕು, ಅದನ್ನು ತಗ್ಗಿಸಿದ್ದೇವೆಂದು ತೋರಿಸಬೇಕು. 'ವಿಷದ ಬಳಕೆಯನ್ನು ಬಹುಪಾಲು ನಿಲ್ಲಿಸಲಾಗಿದೆ' ಎಂದು ನಾನು ಅವರ ಫಾರಂನಲ್ಲಿ ಗಂಭೀರವಾಗಿ ಬರೆದೆ. ನಾಟಿಯ ದಿನ ಒಮ್ಮೆ, ಆಮೇಲೆ ಎರಡು ಸಲ, ಗಿಡದ ಬುಡಕ್ಕೆ ಹಾಕಿದ್ದ, ಹುಳು ಕೊಲ್ಲುವ ಹರಳು ಔಷಧಿಯನ್ನು ಬರೆಯಲು ಜಾಗ ಸಾಲದು ಅನ್ನಿಸಿತು.

ಪರೀಕ್ಷೆಯ ಮಾತು ಫಾರಂನ ಕೊನೆಯ ಸಾಲಿನಲ್ಲಿತ್ತು. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ಎರೆಹುಳು ಎಣಿಸುತ್ತಾರಂತೆ. ತಪಾಸಣೆಯ ಹಿಂದಿನ ದಿನ ನಾನೇ ಮೂರು ಕಡೆ ತೋಡಿ ನೋಡಿದೆ. ಒಂದೂ ಇಲ್ಲ. ಇರುವೆ ಕೂಡ ಇಲ್ಲ. ಮಣ್ಣಿಗೆ ಮಣ್ಣಿನ ವಾಸನೆಯೇ ಇರಲಿಲ್ಲ.

ಪಕ್ಕದ ಹೊಲದ ಮುನಿಯಕ್ಕನ ಎರೆಗೊಬ್ಬರದ ತೊಟ್ಟಿಯಿಂದ, ಅವಳ ಕಾಲು ಹಿಡಿದು, ಒಂದು ಬಕೆಟ್ ಹುಳು ತಂದೆ. ಸಾಯಂಕಾಲ ಸಾಲುಗಳ ಉದ್ದಕ್ಕೂ ಹೂತೆ.

"ಅವು ಇಲ್ಲಿ ನಿಲ್ತವೇನ್ರೀ?" ಎಂದಳು ಹೆಂಡತಿ ಸರೋಜ.

"ನಿಲ್ದೆ ಎಲ್ಲಿಗ್ ಹೋಗ್ತವೆ? ಕಾಲಿದೆಯಾ ಅವಕ್ಕೆ?"

ಮಾರನೇ ಬೆಳಗ್ಗೆ ಬದುವಿನ ಮೇಲೆ ನಿಂತಾಗ ಮಂಜು ಕವಿದಿತ್ತು. ನಮ್ಮ ತೋಟದೊಳಗೆ ಹಕ್ಕಿಯ ಸದ್ದಿಲ್ಲ, ಕೀಟದ ಸದ್ದಿಲ್ಲ. ಮೇಲೊಂದು ವಿಮಾನ ಹೋಯಿತು. ಅದರ ಸದ್ದೂ ಅಡಗಿದ ಮೇಲೆ ನನ್ನ ಪಾದಕ್ಕೆ ಒದ್ದೆಯಾದದ್ದೇನೋ ತಾಗಿ ಸರಿಯಿತು. ಬಗ್ಗಿ ನೋಡಿದೆ. ಇಡೀ ಬದು ಅಲುಗುತ್ತಿತ್ತು. ನೂರಾರು ಹುಳುಗಳು ನನ್ನ ಪಾದಗಳನ್ನು ಸುತ್ತುಬಳಸಿ, ಒಂದೇ ದಿಕ್ಕಿಗೆ, ಮುನಿಯಕ್ಕನ ಅವರೆ ಹೊಲಕ್ಕೆ ಹೋಗುತ್ತಿದ್ದವು. ಹೋಗಲಾರದವು ಗಿಡಗಳ ನಡುವೆ ಬಿಳಚಿಕೊಂಡು, ಸುರುಳಿ ಸುತ್ತಿ ಬಿದ್ದಿದ್ದವು.

ಮಂಡಿಯೂರಿ, ಎರಡೂ ಕೈಯಿಂದ ಬಾಚಿ ಒಳಗೆ ಹಾಕಿದೆ. ಅವು ತಿರುಗಿ ಮತ್ತೆ ಹೊರಟವು. ಮತ್ತೆ ಬಾಚಿದೆ.

ಕಾಫಿ ತಂದ ಸರೋಜ ಅಲ್ಲೇ ನಿಂತುಬಿಟ್ಟಳು. "ರೀ, ಈ ಟೊಮೆಟೊನೇ ಅಲ್ವೇನ್ರೀ ಮಕ್ಳಿಗೆ ದಿನಾ ಸಾರು ಮಾಡಾಕ್ತಿರೋದು?"

ನಾನು ಇನ್ನೊಂದು ಬೊಗಸೆ ಬಾಚಿದೆ.

ಆಚೆಯಿಂದ ಮುನಿಯಕ್ಕ ಕೂಗಿದಳು: "ಬಿಡಪ್ಪಾ, ಬರ್ಲಿ. ತವರುಮನೆ ದಾರಿ ಗೊತ್ತು ಅವಕ್ಕೆ. ನೀನ್ಯಾಕೆ ಅಡ್ಡ ಕೂತಿದೀಯಾ?"

ಏಳಕ್ಕೆ ಕಂಪನಿಯ ಮೇಡಂ ತಪಾಸಣೆಗೆ ಬಂದರು. ಬದುವನ್ನು ನೋಡಿದರು. ಬೊಗಸೆಯಲ್ಲಿ ಹುಳು ಹಿಡಿದು ಕೂತಿದ್ದ ನನ್ನನ್ನು ನೋಡಿದರು. ತಂದಿದ್ದ ಗುದ್ದಲಿಯನ್ನು ಕೆಳಗಿಳಿಸಲೇ ಇಲ್ಲ. "ನಾನು ಅಳೆಯೋದೇನಿದೆ ಸರ್, ಅವೇ ಅಳೆದಿವೆಯಲ್ಲ" ಎಂದು ಫಾರಂ ಮಡಚಿದರು.

ಆ ಬೆಳೆಯನ್ನು ಅವರು ಕೊಳ್ಳಲಿಲ್ಲ. ನಾವೂ ತಿನ್ನಲಿಲ್ಲ. ಹರಳು ಔಷಧಿ ಬಿಟ್ಟು, ಗೊಬ್ಬರಕ್ಕೆ ಹೊಂಗೆ ಸೊಪ್ಪನ್ನು ಮಣ್ಣಿಗೆ ತುಳಿದು, ಬೆಳೆಯ ಮೇಲೆ ಬೆಳೆ ತೆಗೆದೆ. ಈಗ ಗುಂಡಿ ತೋಡಿದರೆ ನಾಲ್ಕು ಹುಳು ಸಿಗುತ್ತವೆ. ಈಗಲೂ ಎರಡೆರಡು ಸಲ ಎಣಿಸುತ್ತೇನೆ.

ನಂಬದವರು ವಿಚಾರಿಸಬಹುದು. ಕಣ್ಣಾರೆ ಕಂಡವರು ಇನ್ನೂ ಇದ್ದಾರೆ: ಸರೋಜ ನನಗೆ ವಾರಕ್ಕೊಮ್ಮೆ ನೆನಪಿಸುತ್ತಾಳೆ; ಮುನಿಯಕ್ಕ ಊರಿಗೆಲ್ಲ ಹೇಳಿ ಮುಗಿಸಿದ್ದಾಳೆ; ಆ ಮೇಡಂ ರೈತರ ತರಬೇತಿಗಳಲ್ಲಿ ನನ್ನ ಹೆಸರು ಹೇಳದೆ ಇದನ್ನು ಹೇಳುತ್ತಾರೆ. ಹೋದ ತಿಂಗಳು ಅಂಥದೊಂದು ತರಬೇತಿಯಲ್ಲಿ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಎಲ್ಲರೂ ನಕ್ಕರು. ಗುರುತು ಸಿಗಬಾರದೆಂದು ನಾನು ಇನ್ನೂ ಜೋರಾಗಿ ನಕ್ಕೆ.