ಗೆದ್ದಲು ಓಡಿಸಲು ಹಿರಿಯರ ಅಪ್ಪಣೆ

"ಮೂರು ದಿನ. ನಾಲ್ಕನೇ ದಿನ ಈ ಮನೇಲಿ ಒಂದೇ ಒಂದು ಗೆದ್ದಲು ಕಂಡ್ರೂ ಖೋ ಬುನ್‌ತೆಕ್ ಅನ್ನೋ ಹೆಸರು ಬಿಟ್ಟು ಬೇರೆ ಏನು ಬೇಕಾದ್ರೂ ಕರಿ ನನ್ನ."

ಹೀಗೆಂದು ಬುನ್‌ತೆಕ್ ಊಟದ ಮೇಜಿನ ಮುಂದೆ ಎದ್ದು ನಿಂತು ಸಾರಿದ. ಎದುರಿಗೆ ಕೂತು ಸಿಹಿಗೆಣಸಿನ ಗಂಜಿ ಕುಡಿಯುತ್ತಿದ್ದ ಹೆಂಡತಿ ಲೇಚು ಕೆಮ್ಮಿದಳು. ಅದು ಮೆಚ್ಚುಗೆಯ ಕೆಮ್ಮೋ ಗೇಲಿಯ ಕೆಮ್ಮೋ ಅವನಿಗೆ ತಿಳಿಯಲಿಲ್ಲ. ಎರಡು ತಿಂಗಳಿಂದ ಅವಳು ಎಲ್ಲದಕ್ಕೂ ಕೆಮ್ಮುತ್ತಿದ್ದಳು.

ಬುನ್‌ತೆಕ್ ಸಾಮಾನ್ಯ ಆಸಾಮಿಯಲ್ಲ. ತೈನಾನಿನ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಬಾಯ್ಲರುಗಳ ಉಸ್ತುವಾರಿ ಹೊತ್ತು, ಒಂದೂ ಸಿಡಿಯದಂತೆ ನೋಡಿಕೊಂಡು ನಿವೃತ್ತನಾದ ಧೀರ. ಈ ಸಂಗತಿ ಅವನ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ, ಗೊತ್ತಿದ್ದವರಿಗೂ ಹೇಳುತ್ತಿದ್ದ. ಅಂಥವನ ಮನೆಗೆ, ಅಕ್ಕಿಕಾಳಿನಷ್ಟೂ ಇಲ್ಲದ ಒಂದು ಹುಳ ನುಗ್ಗುವುದೆಂದರೇನು?

ನುಗ್ಗಿದ್ದು ತಿಳಿದದ್ದು ಹಿಂದಿನ ಸಂಜೆ. ಮೇ ತಿಂಗಳ ಮಳೆ ಆಗಷ್ಟೇ ಬಿಟ್ಟು, ಮೈಯೆಲ್ಲ ಅಂಟಂಟು ಅನ್ನುವ ಸೆಕೆ. ಇಂಥ ಸಂಜೆ ಈಚಲು ಹುಳುಗಳು, ಅಂದರೆ ರೆಕ್ಕೆ ಬಂದ ಗೆದ್ದಲುಗಳು, ಏಳುತ್ತವೆಂದು ಇಡೀ ಗಲ್ಲಿಗೇ ಗೊತ್ತಿದ್ದರಿಂದ ಎಲ್ಲರೂ ದೀಪ ಆರಿಸಿ ಕೂತಿದ್ದರು. ಬುನ್‌ತೆಕ್ ಒಂದೇ ಒಂದು ದೀಪ ಉಳಿಸಿ, ಅದರ ಕೆಳಗೆ ಬೇಸಿನ್ನಿನಲ್ಲಿ ನೀರಿಟ್ಟು, ಬಂದು ಬೀಳುವ ಹುಳುಗಳನ್ನು ನೋಡುತ್ತಾ ಸೇನಾಧಿಪತಿಯಂತೆ ನಿಂತಿದ್ದ.

"ರೀ," ಎಂದಳು ಕತ್ತಲಲ್ಲಿ ಲೇಚು. "ಇವು ಕಿಟಕಿಯಿಂದ ಒಳಗೆ ಬರ್ತಾ ಇಲ್ಲ."

"ಮತ್ತೆ?"

"ಕಿಟಕಿ ಕಡೆಗೆ ಹೋಗ್ತಾ ಇವೆ. ಮನೆ ಒಳಗಿಂದ."

ಇಬ್ಬರೂ ತಿರುಗಿ ನೋಡಿದರು. ನಡುಮನೆಯ ಗೋಡೆಗೆ ಹಿರಿಯರ ಪೀಠವಿತ್ತು. ಬುನ್‌ತೆಕ್‌ನ ತಾತ ಮಾಡಿಸಿದ್ದು, ಎದೆಯೆತ್ತರದ ಮರದ್ದು. ಮೇಲೆ ತೀರಿಹೋದ ಖೋ ವಂಶಸ್ಥರ ಹೆಸರು ಬರೆದ ಫಲಕ, ಊದುಬತ್ತಿಯ ಪಾತ್ರೆ, ಎರಡು ಕೆಂಪು ದೀಪ. ಆ ಪೀಠದ ಹಿಂದಿನ ಬಿರುಕಿನಿಂದ ಈಚಲುಗಳು ಸಿನಿಮಾ ಬಿಟ್ಟ ಜನರ ಹಾಗೆ ಗುಂಪುಗುಂಪಾಗಿ ಹೊರಬರುತ್ತಿದ್ದವು.

ಅದಕ್ಕೇ ಮರುದಿನ ಬೆಳಿಗ್ಗೆ ಆ ಘೋಷಣೆ. ಗಂಜಿ ಮುಗಿಸಿ ಬುನ್‌ತೆಕ್ ಯುದ್ಧಕ್ಕೆ ಹೊರಟ. ಅಂಗಡಿಯಿಂದ ಎರಡು ಡಬ್ಬಿ ಹುಳದ ಔಷಧಿ ತಂದ. ವೈರಿ ತಪ್ಪಿಸಿಕೊಳ್ಳಬಾರದೆಂದು ಕಿಟಕಿ ಬಾಗಿಲೆಲ್ಲ ಮುಚ್ಚಿದ. ಎರಡೂ ಡಬ್ಬಿ ಖಾಲಿಯಾಗುವವರೆಗೆ ಬಿರುಕಿಗೆ ಹೊಡೆದ. ಐದು ನಿಮಿಷದಲ್ಲಿ ಮನೆಯಿಂದ ಹೊರಗೆ ಓಡಿದ್ದು ಲೇಚು ಒಬ್ಬಳೇ. ಗೆದ್ದಲುಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಅವಳು ಜಗುಲಿಯ ಕಂಬ ಹಿಡಿದು ನಿಂತು, ಎದೆಯಲ್ಲಿ ಸುಂಯ್ ಸುಂಯ್ ಸದ್ದು ಮಾಡುತ್ತಾ ಉಸಿರಿಗಾಗಿ ಒದ್ದಾಡಿದಳು. ಬುನ್‌ತೆಕ್ ಖಾಲಿ ಡಬ್ಬಿ ಎಸೆದು ಓಡಿಬಂದ. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಸಿಗ್ನಲಿನ ಕೆಂಪು ದೀಪವನ್ನೂ ಲೆಕ್ಕಿಸದೆ ಡಾಕ್ಟರ ಬಳಿಗೆ ಓಡಿದ.

ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಉಸಿರಿಗೆ ಎಳೆದುಕೊಳ್ಳುವ ಔಷಧಿ ಕೊಟ್ಟು, ಅವಳು ಸುಧಾರಿಸಿಕೊಂಡ ಮೇಲೆ ವಿಚಾರಿಸಿದರು.

"ಮನೇಲಿ ತೇವ ಇದೆಯಾ? ಬೂಷ್ಟು ಹಿಡಿದ ಮರ?"

"ಗೆದ್ದಲಿದೆ," ಎಂದಳು ಲೇಚು.

"ಗೆದ್ದಲು ಮರ ತಿನ್ನುತ್ತೆ ಡಾಕ್ಟ್ರೇ, ಮನುಷ್ಯರನ್ನಲ್ಲ," ಎಂದು ಬುನ್‌ತೆಕ್ ವಿಜ್ಞಾನ ಹೇಳಿದ.

"ಸರಿಯಾಗೇ ಹೇಳಿದ್ರಿ. ಅದು ಯಾವ ರೋಗಾನೂ ತಂದು ಅಂಟಿಸೋದಿಲ್ಲ. ಆದ್ರೆ ಅದು ಕೊರೆದ ಪುಡಿ, ಅದರ ಹಿಕ್ಕೆ, ಒದ್ದೆ ಮರದ ಬೂಷ್ಟು, ಇವೆಲ್ಲ ಗಾಳೀಲಿ ಸೇರಿದ್ರೆ ಇವರಂಥ ಸೂಕ್ಷ್ಮದೋರಿಗೆ ಉಸಿರು ಕೆರಳಬಹುದು. ಬಾಗಿಲು ಮುಚ್ಚಿ ಎರಡು ಡಬ್ಬಿ ವಿಷ ಹೊಡೆಯೋ ಗಂಡಂದಿರಿಂದ ಇನ್ನೂ ಬೇಗ ಕೆರಳುತ್ತೆ."

ಬುನ್‌ತೆಕ್ ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಆ ಮರ ಮನೆಯಿಂದ ಆಚೆ ಹೋಗ್ಬೇಕು," ಎಂದರು ಡಾಕ್ಟರು. "ಅದು ಹೋಗದಿದ್ರೆ ನೀವು ಹೋಗಿ ಅಮ್ಮಾ, ಎಲ್ಲಾದ್ರೂ ಸ್ವಲ್ಪ ದಿನ."

"ನಾಳೆ ಎರಡು ಗಂಟೆ ರೈಲಿಗೆ ತಂಗಿ ಮನೆಗೆ ಹೋಗ್ತೀನಿ," ಎಂದಳು ಲೇಚು ಗಂಡನ ಕಡೆ ತಿರುಗಿ. "ಅಷ್ಟರೊಳಗೆ ಪೀಠ ಹೋದ್ರೆ ನಾನಿರ್ತೀನಿ. ಇಲ್ಲಾಂದ್ರೆ ನೀವೂ ಗೆದ್ದಲೂ ಸುಖವಾಗಿರಿ."

ಅವಳ ತಂಗಿ ಇದ್ದದ್ದು ಕಾವ್‌ಸ್ಯೂಂಗಿನಲ್ಲಿ, ರೈಲಿನಲ್ಲಿ ಒಂದು ಗಂಟೆಯ ಹಾದಿ. ಆದರೆ ಮದುವೆಯಾದ ಮೂವತ್ತೊಂಬತ್ತು ವರ್ಷಗಳಲ್ಲಿ ಲೇಚು ಗಂಡನನ್ನು ಬಿಟ್ಟು ಒಂದು ರಾತ್ರಿಯೂ ಅಲ್ಲಿ ಉಳಿದವಳಲ್ಲ. ಬುನ್‌ತೆಕ್ ಮಾತ್ರ, "ನಾಳೆ ಎರಡು ಗಂಟೆಗೆ ನೀನು ನಡುಮನೇಲಿ ಕಾಲು ಚಾಚಿ ಟೀ ಕುಡೀತಿರ್ತೀಯ, ನೋಡ್ತಿರು," ಎಂದ.

ಮರುದಿನ ಹನ್ನೆರಡಕ್ಕೆ ಗೆದ್ದಲು ತೆಗೆಯುವ ಯಾಪ್ ಬಂದಳು. ಐವತ್ತರ ಗಟ್ಟಿ ಹೆಂಗಸು, ಸೊಂಟದಲ್ಲಿ ಸಲಕರಣೆಯ ಚೀಲ. ಪೀಠದ ಕಾಲಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಮೆಲ್ಲಗೆ ಒತ್ತಿದಳು. ಅದು ಹಿಡಿಯವರೆಗೂ ಒಳಗೆ ಹೋಯಿತು.

"ಅಣ್ಣಾ," ಎಂದಳು ಯಾಪ್, "ಇದು ಪೀಠ ಅಲ್ಲ. ಪೀಠದ ಬಣ್ಣ ಅಷ್ಟೇ ನಿಂತಿರೋದು. ಇದನ್ನ ಹೊರಗೆ ಹಾಕಿ, ಹಿಂದಿನ ಗೋಡೆಗೆ ಔಷಧಿ ಕೊಡ್ಬೇಕು. ಅಕ್ಕ ಆ ಹೊತ್ತು ಮನೇಲಿರೋದು ಬೇಡ, ಎರಡು ದಿನ ಪಕ್ಕದ ಮನೇಲಿ ಮಲಗ್ಲಿ. ನಾನು ರೆಡಿ. ಮೇಲಿರೋರನ್ನ ಕೇಳಿದ್ರಾ?"

ಮೇಲಿರುವವರೆಂದರೆ ಫಲಕದಲ್ಲಿರುವವರು. ಅವರ ಅಪ್ಪಣೆಯಿಲ್ಲದೆ ಪೀಠವನ್ನು ಒಂದು ಬೆರಳಗಲ ಕದಲಿಸುವವರು ಆ ಗಲ್ಲಿಯಲ್ಲಿ ಯಾರೂ ಇಲ್ಲ. ಯಾಪ್ ಅಂತೂ ಮುಟ್ಟುವುದೇ ಇಲ್ಲ. ಹಿಂದಿನ ವರ್ಷ ಯಾರದೋ ಮನೆಯಲ್ಲಿ ಕೇಳದೆ ಎತ್ತಿ ಮೂರು ವಾರ ಸೊಂಟ ಹಿಡಿದುಕೊಂಡು ಮಲಗಿದ್ದಳಂತೆ.

"ಎರಡು ನಿಮಿಷ," ಎಂದ ಬುನ್‌ತೆಕ್. "ನಮ್ಮ ಹಿರಿಯರು ನನ್ನ ಮಾತು ತೆಗೆದುಹಾಕೋರಲ್ಲ."

ಅವನು ಊದುಬತ್ತಿ ಹಚ್ಚಿ, ಪೀಠದ ಮೇಲಿದ್ದ ಎರಡು ಕೇಳುವ ತುಂಡುಗಳನ್ನು ತೆಗೆದುಕೊಂಡ. ಕೆಂಪು ಬಣ್ಣ ಬಳಿದ, ಅರ್ಧಚಂದ್ರದ ಆಕಾರದ ಮರದ ತುಂಡುಗಳು. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಪ್ರಶ್ನೆ ಕೇಳಿ ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ, ಒಂದು ಉಬ್ಬು ಮೇಲೆ ಬಂದರೆ ಹಿರಿಯರು ಒಪ್ಪಿದರು. ಎರಡೂ ಚಪ್ಪಟೆ ಮೇಲಾದರೆ ನಗುತ್ತಿದ್ದಾರೆ, ಮತ್ತೆ ಕೇಳಬೇಕು. ಎರಡೂ ಉಬ್ಬು ಮೇಲಾದರೆ ಆಗದು.

"ಅಜ್ಜ, ಅಪ್ಪ, ಎಲ್ಲ ಹಿರಿಯರೇ, ನಿಮ್ಮ ಪೀಠಕ್ಕೆ ಗೆದ್ದಲು ಹಿಡಿದಿದೆ. ಬದಲಾಯಿಸಲಾ?"

ಟಕ್ ಟಕ್. ಎರಡೂ ಉಬ್ಬು ಮೇಲೆ.

ಕಿತ್ತಳೆಹಣ್ಣು ಇಟ್ಟು ಮತ್ತೆ ಕೇಳಿದ. ಆಗದು. ಅಪ್ಪನಿಗೆ ಇಷ್ಟವಾದ ಅಕ್ಕಿ ಮದ್ಯ ಸುರಿದು ಕೇಳಿದ. ಆಗದು. ಹೊಸದು ಕರ್ಪೂರದ ಮರದ್ದು, ಬಣ್ಣಬಣ್ಣದ ದೀಪ ಹಾಕಿಸುತ್ತೇನೆ ಎಂದು ಆಸೆ ತೋರಿಸಿದ. ಆಗದು, ಆಗದು, ಆಗದು. ಪ್ರತಿ ಸಲವೂ ತುಂಡುಗಳು ಬಿದ್ದಲ್ಲಿ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಊದುಬತ್ತಿಯ ಬೂದಿ ಎಂದುಕೊಂಡ ಬುನ್‌ತೆಕ್ ಅದನ್ನು ಕಾಲಿನಿಂದ ಸರಿಸಿದ.

"ಏನೋ ಅಸಮಾಧಾನ ಇದೆ ಅಣ್ಣಾ," ಎಂದಳು ಹೊಸಿಲಲ್ಲಿ ಕೂತ ಯಾಪ್. "ತಪ್ಪೇನಾದ್ರೂ ಆಗಿದ್ಯಾ? ನೆನಪು ಮಾಡ್ಕೊಂಡು ಹೇಳ್ಬಿಡಿ. ಸಿಟ್ಟಿನ ಕಾರಣ ಸಿಗೋವರ್ಗೂ ಅವರು ಒಪ್ಪಲ್ಲ."

ಲೇಚು ಮೂಗಿಗೆ ಮಾಸ್ಕ್ ಕಟ್ಟಿ, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಗಡಿಯಾರ ಹನ್ನೆರಡೂಮುಕ್ಕಾಲು ತೋರಿಸುತ್ತಿತ್ತು. ಬುನ್‌ತೆಕ್ ಗಂಟಲು ಸರಿಮಾಡಿಕೊಂಡ.

"ಹೋದ ವರ್ಷ ಸಮಾಧಿ ಗುಡಿಸೋ ಹಬ್ಬಕ್ಕೆ ಬೆನ್ನುನೋವು ಅಂತ ಬರಲಿಲ್ಲ. ಬೆನ್ನು ನೋಯ್ತಿರಲಿಲ್ಲ. ಟೀವೀಲಿ ಬೇಸ್‌ಬಾಲ್ ಇತ್ತು."

ಟಕ್ ಟಕ್. ಆಗದು.

"ಅವತ್ತು ಬಂದು ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಿದ್ದೆ ನಾನು," ಎಂದಳು ಲೇಚು.

"ಒಳ್ಳೇ ಎಣ್ಣೆ," ಎಂದ ಬುನ್‌ತೆಕ್ ತಿರುಗಿ ನೋಡದೆ. "ಹಿರಿಯರೇ, ಹೊಸ ವರ್ಷದ ಎಡೆಗೆ ಇಟ್ಟಿದ್ದ ಕೋಳಿ ಕಾಲು, ನೀವು ಉಣ್ಣೋ ಮುಂಚೆ ತಿಂದಿದ್ದು ಬೆಕ್ಕಲ್ಲ. ನಾನು."

ಆಗದು.

"ಆ ಬೆಕ್ಕನ್ನ ಕಳ್ಳ ಬೆಕ್ಕು ಅಂತ ತಂಗಿ ಮನೆಗೆ ಸಾಗಿಸಿದ್ವಲ್ರೀ."

"ಅಲ್ಲಿ ಚೆನ್ನಾಗಿದೆಯಲ್ಲ ಅದು, ದಪ್ಪ ಆಗಿದೆ. ಹಿರಿಯರೇ, ನಮ್ಮತ್ತೆ ಬಂದಿದ್ದಾಗ ಹಾಡೋ ಮೈಕು ಕೆಟ್ಟುಹೋಗಿತ್ತಲ್ಲ, ಅದರ ವೈರು ಕಿತ್ತಿದ್ದು ನಾನೇ."

ಆಗದು.

"ಅದು ನಿಮ್ಮ ಹಿರಿಯರಿಗೆ ಸಂಬಂಧಪಟ್ಟಿದ್ದಲ್ಲ ಅಣ್ಣಾ," ಎಂದಳು ಯಾಪ್.

"ಬಾಯಿಗೆ ಬಂದುಬಿಡ್ತು."

ಹೀಗೆ ಅರ್ಧ ಗಂಟೆಯಲ್ಲಿ ಬುನ್‌ತೆಕ್ ಮೂವತ್ತೊಂಬತ್ತು ವರ್ಷದ ಸಂಸಾರದ ಸಕಲ ಗುಟ್ಟುಗಳನ್ನೂ ನಡುಮನೆಯಲ್ಲಿ ಹರವಿಕೊಂಡು ನಿಂತ. ಯಾಪ್ ತನ್ನ ಊಟದ ಡಬ್ಬಿ ತೆರೆದು ನೆಮ್ಮದಿಯಾಗಿ ಉಣ್ಣತೊಡಗಿದ್ದಳು. ಇಷ್ಟು ಚೆನ್ನಾದ ಧಾರಾವಾಹಿ ಅವಳು ಈಚೆಗೆ ನೋಡಿರಲಿಲ್ಲ. ಲೇಚು ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಗಡಿಯಾರದಲ್ಲಿ ಒಂದೂಕಾಲು.

ಬುನ್‌ತೆಕ್‌ಗೆ ಇನ್ನೊಂದೇ ಉಳಿದಿತ್ತು. ಅದನ್ನು ಹೇಳುವುದಕ್ಕಿಂತ ಬಾಯ್ಲರಿನೊಳಗೆ ಇಳಿಯುವುದು ಸುಲಭವಾಗಿತ್ತು. ಅವನು ಮಂಡಿಯೂರಿದ.

"ಹೋದ ವರ್ಷಾನೇ ಪೀಠದ ಹಿಂದೆ ಗೋಡೆ ಮೇಲೆ ಮಣ್ಣಿನ ಗೆರೆ ನೋಡಿದ್ದೆ. ಗೆದ್ದಲು ಅಂತ ಗೊತ್ತಾಯ್ತು. ನನ್ನ ಮನೆಗೆ ಗೆದ್ದಲು ಬಂತು ಅಂತ ಗಲ್ಲೀಲಿ ಗೊತ್ತಾದ್ರೆ ಏನಂತಾರೋ ಅಂತ ಗೆರೆ ಒರೆಸಿ, ಮೇಲೆ ಕ್ಯಾಲೆಂಡರ್ ತೂಗುಹಾಕ್ದೆ. ಅವಳಿಗೂ ಹೇಳಲಿಲ್ಲ. ಅವಳು ಕೆಮ್ಮೋಕೆ ಶುರು ಮಾಡಿದ ಮೇಲೂ ಹೇಳಲಿಲ್ಲ. ತಪ್ಪಾಯ್ತು."

ಯಾಪ್ ಅಗಿಯುವುದನ್ನು ನಿಲ್ಲಿಸಿದಳು. ಬುನ್‌ತೆಕ್ ಕಣ್ಣು ಮುಚ್ಚಿ ತುಂಡುಗಳನ್ನು ಬಿಟ್ಟ. ಇಷ್ಟು ದೊಡ್ಡದನ್ನು ಒಪ್ಪಿಕೊಂಡ ಮೇಲೂ ಕರಗದ ಹಿರಿಯರು ಲೋಕದಲ್ಲಿ ಇರಲಾರರು ಎಂದು ಅವನಿಗೆ ಖಾತ್ರಿಯಿತ್ತು.

ಟಕ್ ಟಕ್. ಎರಡೂ ಉಬ್ಬು ಮೇಲೆ.

ಲೇಚು ಬಂದು ಬಗ್ಗಿ ಒಂದು ತುಂಡನ್ನು ಎತ್ತಿಕೊಂಡಳು. ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಹುಬ್ಬು ಗಂಟಿಕ್ಕಿತು. ಉಬ್ಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಕುರುಕ್ ಎಂದು ಕೆಂಪು ಬಣ್ಣ ಹಪ್ಪಳದಂತೆ ಒಡೆದು, ಒಳಗಿಂದ ಪುಡಿಯೂ ಮಣ್ಣೂ ಸುರಿದು, ಅದರ ಜೊತೆ ನಾಲ್ಕು ಬಿಳಿ ಹುಳುಗಳು ಗಾಬರಿಯಾಗಿ ಹೊರಬಂದವು. ಉಬ್ಬೆಲ್ಲ ಟೊಳ್ಳು. ಚಪ್ಪಟೆ ಮೈಯಲ್ಲಿ ಮಾತ್ರ ಒಂದಿಷ್ಟು ಮರ ಉಳಿದಿತ್ತು. ಭಾರವಿದ್ದ ಆ ಮೈ ಪ್ರತಿ ಸಲವೂ ನೆಲ ಕಚ್ಚುತ್ತಿತ್ತು. ಮೂರು ದಿನವಲ್ಲ, ಮೂರು ವರ್ಷ ಬಿಟ್ಟಿದ್ದರೂ ಅವು ಬೇರೆ ಉತ್ತರ ಕೊಡುತ್ತಿರಲಿಲ್ಲ.

"ಗೆದ್ದಲು ಓಡಿಸೋಕೆ," ಎಂದಳು ಲೇಚು ನಿಧಾನವಾಗಿ, "ನೀವು ಇಷ್ಟು ಹೊತ್ತು ಗೆದ್ದಲನ್ನೇ ಅಪ್ಪಣೆ ಕೇಳ್ತಾ ಇದ್ರಿ."

ಯಾಪ್‌ಗೆ ಅನ್ನ ನೆತ್ತಿಗೆ ಹತ್ತಿತು. ಬುನ್‌ತೆಕ್ ಮುಖ ಅರಳಿಸಿದ.

"ಅಂದ್ರೆ ಹಿರಿಯರಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ!"

"ಅವರಿಗಿತ್ತೋ ಇಲ್ವೋ. ನನಗೀಗ ಇದೆ."

ಅವಳು ಚೀಲದಿಂದ ಎರಡು ನಾಣ್ಯ ತೆಗೆದಳು. ಮನೆಯ ಹಿರಿಯರನ್ನು ಕೇಳಲು ನಾಣ್ಯವೂ ನಡೆಯುತ್ತದೆ, ಒಂದು ತಲೆ ಒಂದು ಅಂಕೆ ಬಂದರೆ ಒಪ್ಪಿಗೆ. "ಮಾವಯ್ಯಾ, ನನಗೆ ಉಸಿರಾಡೋಕೆ ಕಷ್ಟ ಆಗ್ತಿದೆ. ಸ್ವಲ್ಪ ದಿನ ಹೊಲಿಗೆ ಮಿಷಿನ್ನಿನ ಮೇಲೆ ಇರ್ತೀರಾ?" ಎಂದು ಬಿಟ್ಟಳು. ಒಂದೇ ಸಲಕ್ಕೆ ಒಪ್ಪಿಗೆ ಬಿತ್ತು. ಫಲಕ ಹೊಲಿಗೆ ಮಿಷಿನ್ನಿಗೆ ಹೋಯಿತು. ಯಾಪ್ ಹಿಡಿದು ಎತ್ತಿದರೆ ಪೀಠದ ಒಂದು ಕಾಲು ಪೀಠವನ್ನು ಬಿಟ್ಟು ಅವಳ ಕೈಗೆ ಬಂತು. ಉಳಿದದ್ದನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೊರಗೆ ಸಾಗಿಸಬೇಕಾಯಿತು. ಎಲ್ಲ ಮುಗಿದಾಗ ಎರಡಕ್ಕೆ ಹತ್ತು ನಿಮಿಷ.

ಲೇಚುಳ ಹೆಗಲಿನ ಚೀಲ ಇನ್ನೂ ಹೆಗಲಿನಲ್ಲೇ ಇತ್ತು. ಬುನ್‌ತೆಕ್ ಜಗುಲಿಗೆ ಬಂದು ಅವಳ ಎದುರು ನಿಂತ.

"ಪೀಠ ಹೋಯ್ತಲ್ಲ. ಪಕ್ಕದ ಮನೇಲಿ ಇರ್ತೀಯ ತಾನೇ? ರೈಲಿಗೆ ಹೋಗಲ್ಲ ತಾನೇ?"

"ತಡೀರಿ, ಕೇಳ್ತೀನಿ," ಎಂದು ಲೇಚು ಬಾಗಿಲಿನಿಂದಲೇ ಫಲಕದ ಕಡೆಗೆ ಕೈ ಮುಗಿದಳು. "ಮಾವಯ್ಯಾ, ಇವರು ಇನ್ನೂ ಏನಾದ್ರೂ ನನ್ನಿಂದ ಮುಚ್ಚಿಟ್ಟಿದ್ದಾರಾ?"

ನಾಣ್ಯ ಬಿಟ್ಟಳು. ಒಂದು ತಲೆ, ಒಂದು ಅಂಕೆ: ಹೌದು. ಮತ್ತೆ ಬಿಟ್ಟಳು, ಅದೇ. ಮೂರನೇ ಸಲವೂ ಅದೇ. ಮೂರು ಸಲ ಬಿದ್ದ ಮೇಲೆ ಅದಕ್ಕೆ ಅಪೀಲಿಲ್ಲ.

ಲೇಚು ಕುರ್ಚಿ ಎಳೆದುಕೊಂಡು ಕೂತಳು. "ಹೇಳಿ."

ಬುನ್‌ತೆಕ್ ನೆಲ ನೋಡಿದ.

"ಎರಡು ತಿಂಗಳಿಂದ ನೀನು ಸ್ನಾನದ ಮನೇಲಿ ಕೆಮ್ಮುವಾಗೆಲ್ಲ ನಾನು ಬಾಗಿಲ ಹೊರಗೆ ನಿಂತಿರ್ತಿದ್ದೆ. ಕೆಮ್ಮು ನಿಂತು ಉಸಿರು ಕೇಳಿಸೋವರೆಗೂ. ನೀನಿಲ್ಲದೆ ಹೋದ್ರೆ ಅಂತ ನನಗೆ ಭಯ ಆಗಿತ್ತು."

ಲೇಚು ಮಾಸ್ಕಿನ ಮೇಲಿಂದ ಅವನನ್ನು ನೋಡಿದಳು. ಹೆಗಲಿನಿಂದ ಚೀಲ ಇಳಿಸಿ ಕಾಲ ಬಳಿ ಇಟ್ಟಳು.

"ಅದು ನಂಗೆ ಗೊತ್ತು. ಬಾಗಿಲ ಕೆಳಗಡೆ ನಿಮ್ಮ ಚಪ್ಪಲಿ ಕಾಣುತ್ತೆ," ಎಂದಳು. "ಬೇರೆ ಹೇಳಿ."